ಜಾಂದಿರಾಗೆ ಬಂದ ಸಿಟ್ಟು

"ಜಾಂದಿರಾ ಕಪೊಯೇರಾನೇ ಕಲೀಲಿ. ನಮ್ಮೂರಿನ ಕಾದಾಟದ ಕಲೆ ಬಿಟ್ಟು ಬೇರೆ ಯಾಕೆ?" ಎಂದರು ಅಜ್ಜಿ.

"ಕುಣಿದ ಹಾಗೆ ಕಾಲು ಬೀಸಿದ್ರೆ ಯಾರು ಹೆದರ್ತಾರಮ್ಮಾ? ಜುಜಿತ್ಸುಗೆ ಹಾಕಿ. ಒಂದ್ಸಲ ಕತ್ತು ಹಿಡಿದ್ರೆ ಮುಗೀತು!" ಎಂದ ಚಿಕ್ಕಪ್ಪ ಜೆನಿವಾಲ್. ಅವನ ಬಾಯಿ ತುಂಬ ಬಿಸಿ ಅಕರಜೆ ವಡೆ.

"ಜೂಡೋ ಹಾಲ್ ಹತ್ತಿರದಲ್ಲೇ ಇದೆ. ಅಲ್ಲಿಗೇ ಸೇರಿಸ್ತೀನಿ," ಎಂದರು ಅಪ್ಪ.

ಜಾಂದಿರಾಳನ್ನು ಯಾರೂ ಕೇಳಲಿಲ್ಲ. ಅವಳು ತರಚಿದ ಮೊಣಕೈಗೆ ಉಫ್ ಎಂದು ಊದುತ್ತ ಕೂತಿದ್ದಳು. ನಿನ್ನೆ ಸ್ಕೂಲಿಂದ ಬರುವಾಗ ಸಾಲ್ವಡೋರ್ ಊರಿನ ಕಡಿದಾದ ಬೀದಿಯಲ್ಲಿ, ಏಳನೇ ಕ್ಲಾಸಿನ ಕ್ಲೇಬರ್ ಮತ್ತೆ ಅವಳ ಬ್ಯಾಗ್ ಎಳೆದಿದ್ದ. ಅವಳು ಬಿಡದಿದ್ದಾಗ ಕಾಲು ಅಡ್ಡ ಕೊಟ್ಟು ಬೀಳಿಸಿದ್ದ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ನಾಳೆಯಿಂದ ಬೇರೆ ದಾರೀಲಿ ಹೋಗಮ್ಮ."

ಬೀಳಿಸಿದವನು ಅವನು. ದಾರಿ ಬದಲಿಸಬೇಕಾದವಳು ನಾನಾ? ಕ್ಲಾಸಿಗೆ ಸೇರಬೇಕಾದವಳೂ ನಾನೇನಾ? ಅವಳು ಇನ್ನೂ ಜೋರಾಗಿ ಮೊಣಕೈ ಊದಿದಳು.

ಸಂಜೆ ಅಪ್ಪ ಅವಳನ್ನು ಜೂಡೋ ಹಾಲ್‌ಗೆ ಕರೆದುಕೊಂಡು ಹೋದರು. ಬಿಳಿ ಬಟ್ಟೆ ತೊಟ್ಟ ಮಕ್ಕಳು ಸಾಲಾಗಿ ನಿಂತಿದ್ದರು. ಮೊದಲ ಸಾಲಿನಲ್ಲಿ, ಕಿತ್ತಳೆ ಬಣ್ಣದ ಬೆಲ್ಟ್ ಕಟ್ಟಿಕೊಂಡು ನಿಂತಿದ್ದವನು ಕ್ಲೇಬರ್!

"ಇವನು ನಮ್ಮ ಜಾಣ ಹುಡುಗ," ಎಂದರು ಇವೋನಿ ಟೀಚರ್. "ನಿಂಗೆ ಮೊದಲ ಪಾಠ ಇವನೇ ಹೇಳಿಕೊಡ್ತಾನೆ."

ಜಾಂದಿರಾಗೆ ಸಿಟ್ಟು ನೆತ್ತಿಗೇರಿತು.

"ಮೊದಲ ಪಾಠ ನಿನ್ನೆ ಬೀದೀಲೇ ಆಯ್ತು ಟೀಚರ್!" ಅವಳು ಮೊಣಕೈ ತೋರಿಸಿದಳು. "ಹಿಂಗೆ ಬೀಳಿಸೋದು ಅವನಿಗೆ ಕಲ್ಸಿದ್ದು ನೀವೇನಾ?"

ಸಾಲಿನಲ್ಲಿದ್ದ ಮಕ್ಕಳೆಲ್ಲ ಕ್ಲೇಬರ್ ಕಡೆ ತಿರುಗಿದರು.

"ಸುಳ್ಳು! ಅವಳೇ ಎಡವಿ..." ಎಂದ ಕ್ಲೇಬರ್. ಟೀಚರ್ ಅವನನ್ನೇ ದಿಟ್ಟಿಸಿದರು. ಅವನು ತಲೆ ತಗ್ಗಿಸಿದ.

ಅಪ್ಪ ಅವಳ ಕೈ ಹಿಡಿದರು. "ನಡಿ ಮಗಳೇ, ಬೇರೆ ಕಡೆ ನೋಡೋಣ."

"ನಾನ್ಯಾಕಪ್ಪಾ ಹೋಗ್ಲಿ? ನಾನೇನು ಮಾಡಿದೀನಿ?"

ಅಪ್ಪ ಅವಳ ಕೈ ಬಿಟ್ಟರು.

"ಬೆಲ್ಟ್ ಬಿಚ್ಚು ಕ್ಲೇಬರ್," ಎಂದರು ಟೀಚರ್. "ಹೊರಗೆ ಹೋಗಿ ಕೂತ್ಕೋ. ನಿಮ್ಮಮ್ಮನ್ನ ಕರೆಸ್ತೀನಿ."

ಆಮೇಲೆ ಅವರು ಜಾಂದಿರಾಳ ಮುಂದೆ ಮಂಡಿಯೂರಿ ಕೂತರು. "ಇದು ನಂಗೆ ಗೊತ್ತಿರಬೇಕಿತ್ತು ಪುಟ್ಟಾ. ಈಗ ಹೇಳು, ನಿಂಗೆ ಏನು ಕಲಿಯೋಕೆ ಇಷ್ಟ?"

ಜಾಂದಿರಾ ಯೋಚಿಸಿದಳು. "ಜೂಡೋ. ಇಲ್ಲೇ."

ಕ್ಲೇಬರ್ ಬೆಲ್ಟನ್ನು ಮುದ್ದೆ ಮಾಡಿಕೊಂಡು ಅವಳು ನಿಂತಿದ್ದ ಬಾಗಿಲ ಕಡೆಗೆ ಬಂದ. ದಿನಾ ಬೀದಿಯಲ್ಲಿ ಅವನು ಬಂದರೆ ಅವಳು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದಳು. ಇವತ್ತು ಕದಲಲಿಲ್ಲ. ಅವನೇ ಪಕ್ಕಕ್ಕೆ ಸರಿದು ಹೋದ.

ಜಾಂದಿರಾಗೆ ಆಶ್ಚರ್ಯವಾಯಿತು. ಅವಳಿನ್ನೂ ಒಂದು ಜೂಡೋ ಪಟ್ಟನ್ನೂ ಕಲಿತಿರಲಿಲ್ಲ.