ಪಕ್ಕೀರಪ್ಪ ಕಾಕಾನಿಗೆ ಬರೆದ ಕಾರ್ಡು

"ಚಿಗವ್ವಾ, ಕಾಕಾ ಬಂದಾರ ನೋಡು" ಎಂದಳು ಕಳಕಮ್ಮ.

ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಸಣ್ಣವ್ವ ತಲೆ ಎತ್ತಿದಳು. ಬಾಗಿಲಲ್ಲಿ ಅವಳ ಗಂಡ ಪಕ್ಕೀರಪ್ಪ ನಿಂತಿದ್ದ. ಮೊಳಕಾಲ ತನಕ ಕೆಸರು. ಅವನು ಮೆಲ್ಲಗೆ ಬಂದು ಹೆಂಡತಿಯ ಹಣೆ ಮುಟ್ಟಿದ.

"ತಣ್ಣಗೈತಿ" ಎಂದ, ನಂಬಿಕೆ ಬಾರದವನಂತೆ.

"ಜ್ವರ ಬಿಟ್ಟು ಎಂಟು ದಿನ ಆತು. ಕಾರ್ಡು ಮುಟ್ಟಲಿಲ್ಲೇನು?"

"ಮುಟ್ಟಿತು. ಅದಕ್ಕ ಓಡಿ ಬಂದೀನಿ."

ಅವನು ಸೊಂಟದಿಂದ ಕಾರ್ಡು ತೆಗೆದು ಪಕ್ಕದ ಮನೆಯ ಹುಡುಗಿ ಕಳಕಮ್ಮನ ಕೈಗೆ ಕೊಟ್ಟ. ಅದನ್ನು ಬರೆದವಳು ಅವಳೇ.

ಆಗ ನಿಜಾಮನ ಕಾಲ. ಸರ್ಕಾರಿ ಸಾಲೆಯಲ್ಲಿ ಉರ್ದು ಕಲಿಸುತ್ತಿದ್ದರು. ಕಳಕಮ್ಮ ಮನೆಯಲ್ಲಿ ಅಜ್ಜನ ಹತ್ತಿರ ಕನ್ನಡ ಕಲಿತಿದ್ದಳು. ಅಳವಂಡಿಯ ಆ ಓಣಿಯಲ್ಲಿ ಹೆಂಗಸರಿಗೆಲ್ಲ ಕಾರ್ಡು ಬರೆದುಕೊಡುವವಳು ಅವಳೇ. ಅವತ್ತು ಕಟ್ಟೆಯ ಮೇಲೆ ಕೂತು ಸಣ್ಣವ್ವ ಹೇಳಿದ್ದನ್ನು ಬರೆಯುವಾಗ ಆಕಾಶದಲ್ಲಿ ಮೊದಲ ಮಳೆಯ ಮೋಡಗಳು. ಒಂದು ಮೋಡ ಆನೆಯಂತೆ ಕಂಡು, ನೋಡನೋಡುತ್ತ ಹರಿಗೋಲಾಯಿತು. ಕಳಕಮ್ಮ ಮನಸ್ಸಿನಲ್ಲೇ ಅದರಲ್ಲಿ ಕೂತು ತೇಲುತ್ತಿದ್ದಳು. ಕೈಯಲ್ಲಿದ್ದ ಟಾಕು ಕಾರ್ಡಿನ ಮೇಲೆ ತನ್ನಷ್ಟಕ್ಕೆ ಓಡುತ್ತಿತ್ತು.

ಈಗ ಅವಳು ಓದಿದಳು. "ಸಣ್ಣವ್ವಗ ಜ್ವರ ಬಂದಿತ್ತು ಈಗ ಆರಾಮ ಇಲ್ಲ ಮಳಿ ಆಗೈತಿ."

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

"ಕಾಕಾ, ಇದು 'ಇಲ್ಲಿ' ಆಗಬೇಕಿತ್ತು. 'ಈಗ ಆರಾಮ. ಇಲ್ಲಿ ಮಳಿ ಆಗೈತಿ.' ನಾ 'ಲ್ಲ'ಕ್ಕ ಗುಡಿಸು ಹಾಕೂದು ಬಿಟ್ಟೀನಿ. ಚುಕ್ಕಿನೂ ಇಟ್ಟಿಲ್ಲ."

ಬೈಗುಳಕ್ಕೆ ಕಾದಳು. ಪಕ್ಕೀರಪ್ಪ ಬೈಯಲಿಲ್ಲ. ಗೋಡೆಗೆ ಒರಗಿ ಕೂತ. ಮುನಿರಾಬಾದಿನ ಹತ್ತಿರ ಹೊಳೆಗೆ ಅಣೆಕಟ್ಟು ಕಟ್ಟುವಲ್ಲಿ ಅವನು ಕಲ್ಲು ಹೊರುತ್ತಿದ್ದ. ಓದು ಬಾರದ ಅವನಿಗೆ ಜೊತೆಗಾರ ಉಮಾಪತಿ ಕಾರ್ಡು ಓದಿ ಹೇಳಿದ್ದ.

"'ಆರಾಮ ಇಲ್ಲ' ಅಂದ ಕೂಡಲೇ ಮುಂದಿಂದು ಕಿವಿಗೆ ಬೀಳಲಿಲ್ಲ. ಮೇಸ್ತ್ರಿಗೂ ಹೇಳದ ನಸುಕಿನಾಗ ಹೊಂಟುಬಿಟ್ಟೆ. ಹಳ್ಳ ದಾಟುವಾಗ ಅವೇ ಎರಡು ಮಾತು. ಎರಿ ಹೊಲದಾಗ ಗಾಳಿ ಬೀಸಿದ್ರೂ ಅವೇ. ಕೂಸಿಗೆ ಇನ್ನಾ ಹೆಸರು ಸೈತ ಇಟ್ಟಿಲ್ಲಲ್ಲ ಅಂತ ಅಳು ಬಂತು" ಎಂದ ಪಕ್ಕೀರಪ್ಪ.

ಕಳಕಮ್ಮನಿಗೆ ಆ ದಾರಿ ಕಂಡಿತು. ಕಪ್ಪು ಹೊಲಗಳ ನಡುವೆ ಕಾಕಾ ಒಬ್ಬನೇ ನಡೆಯುತ್ತಿದ್ದಾನೆ. ಅವನ ಎಡಕ್ಕೊಂದು, ಬಲಕ್ಕೊಂದು, ತಾನು ಬರೆದ ಎರಡು ಮಾತುಗಳೂ ಸುಮ್ಮನೆ ನಡೆಯುತ್ತಿವೆ.

"ಹೇಳದ ಬಂದೀರಿ. ಮೇಸ್ತ್ರಿ ಕೆಲಸದ ಪಟ್ಟ್ಯಾಗಿಂದ ಹೆಸರು ಹೊಡದು ಹಾಕಿದ್ರ?" ಎಂದಳು ಸಣ್ಣವ್ವ.

ಪಕ್ಕೀರಪ್ಪ ಕಳಕಮ್ಮನ ಕಡೆ ನೋಡಿದ. "ಹನುಮಂತಪ್ಪ ಮೇಸ್ತ್ರಿಗೆ ಒಂದು ಕಾರ್ಡು ಬರಿ, ತಾಯಿ. ಕೂಸಿಗೆ ಹೆಸರಿಟ್ಟು ಸೋಮವಾರ ಬರ್ತೀನಿ ಅಂತ."

"ನಾನಾ?"

"ಮತ್ತ್ಯಾರು?"

ಕಳಕಮ್ಮ ಮೋಡಗಳಿಗೆ ಬೆನ್ನು ಮಾಡಿ ಕೂತು ಬರೆದಳು. ಓದಿ ನೋಡಿದಳು. ಎಲ್ಲ ಸರಿ ಇದ್ದಂತೆ ಕಂಡಿತು. ಹಿಂದಿನ ಕಾರ್ಡೂ ಹೀಗೇ ಸರಿ ಕಂಡಿತ್ತಲ್ಲ.

ಅವಳು ಕಣ್ಣು ಮುಚ್ಚಿದಳು. ಹೊಳೆಯ ದಂಡೆ. ಕಲ್ಲಿನ ಧೂಳು. ಅಲ್ಲಿ ಮೇಸ್ತ್ರಿ ನಿಂತಿದ್ದಾರೆ. ಅವರು ಈ ಮನೆ ನೋಡಿಲ್ಲ. ಸಣ್ಣವ್ವನ ಹಣೆ ತಣ್ಣಗಿರುವುದು ಅವರಿಗೆ ಗೊತ್ತಿಲ್ಲ. ಅವರ ಕೈಯಲ್ಲಿ ಈ ಕಾರ್ಡು ಬಿಟ್ಟು ಬೇರೇನೂ ಇಲ್ಲ.

ಕಣ್ಣು ತೆರೆದು, ಮೇಸ್ತ್ರಿ ಓದಿದಂತೆ ಮತ್ತೆ ಓದಿದಳು. "ನಾನು ಓಡಿ ಬಂದೀನಿ." ಮೇಸ್ತ್ರಿಯ ಹುಬ್ಬು ಗಂಟಿಕ್ಕಿತು. ಕೆಲಸ ಬಿಟ್ಟು ಓಡಿಹೋದನೇ? ಆ ಮಾತು ಹೊಡೆದು ಹಾಕಿ, "ಗಾಬರಿಯಾಗಿ ಊರಿಗೆ ಬಂದೀನಿ" ಎಂದು ಬರೆದಳು. "ಹೆಂಡತಿ ಆರಾಮ ಅದಾಳ ಸೋಮವಾರ ಬರ್ತೀನಿ." ಅಲ್ಲಿ ಮೇಸ್ತ್ರಿ ಎಡವಿದರು. ಅವಳು 'ಅದಾಳ' ಆದಮೇಲೆ ಒಂದು ಚುಕ್ಕಿ ಇಟ್ಟಳು.

"ಆತೇನು? ಟಪ್ಪಾಲಿನ ಹೊತ್ತಾತು" ಎಂದ ಪಕ್ಕೀರಪ್ಪ.

"ತಡೀರಿ ಕಾಕಾ" ಎಂದಳು ಕಳಕಮ್ಮ ಮೆಲ್ಲಗೆ. "ಮೇಸ್ತ್ರಿ ಇನ್ನಾ ಓದಾಕ ಹತ್ಯಾರ."