ಖಾಲಾಳ ರೋಜಾ

"ರೋಜಾ ಹಿಡಿದೋರು ಹಿಂಗಾ ಬಾಯಾಡ್ಸೋದು? ಏನೋ ತಿಂತಾವ್ಳೆ ಕಣ್ಲಾ," ಎಂದು ಇಸಾಕ್ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳಿದ.

ಅವನು ಹೇಳಿದ್ದು ಬದ್ರುವಿನ ಖಾಲಾಳ ಬಗ್ಗೆ, ಅಂದರೆ ಅಮ್ಮನ ತಂಗಿ ರಹೀಮುನ್ನೀಸಾಳ ಬಗ್ಗೆ. ಬಿಂದಿಗೆ ಹೊತ್ತು ಬರುತ್ತಿದ್ದ ಖಾಲಾಳ ತುಟಿ, ದವಡೆ ಎಲೆಅಡಿಕೆ ಜಗಿಯುವವರಂತೆ ಆಡುತ್ತಲೇ ಇದ್ದವು. ೧೯೬೫ರ ಆ ರಂಜಾನ್ ಉಪವಾಸದ ತಿಂಗಳಲ್ಲಿ ಸಿರಾದ ಆ ಬೀದಿಯವರಿಗೆಲ್ಲ ಇದೇ ಮಾತು.

ಬದ್ರು ಮನೆಗೆ ಬಂದವಳೇ ಮುಖ ಊದಿಸಿಕೊಂಡಳು. "ಸ್ಕೂಲಲ್ಲೂ ನಗ್ತಾರೆ ಖಾಲಾ. ಮಾತ್ರೆಯಿಂದಾನೇ ಬಾಯಿ ಇಂಗಾಡೋದು ಅಂತ ಡಾಕ್ಟ್ರೇ ಹೇಳವ್ರಲ್ಲ, ಬುಟ್ಬುಡು."

ಖಾಲಾ ಸಿಟ್ಟಾಗಲಿಲ್ಲ. ಬದ್ರು ತೊಟ್ಟಿಲಲ್ಲಿದ್ದಾಗ ತನಗೆ ಏನಾಗಿತ್ತೆಂದು ಮೊದಲ ಸಲ ಹೇಳಿದಳು. ಯಾರೂ ಇಲ್ಲದ ಕಡೆ ದನಿಗಳು ಕೇಳುತ್ತಿದ್ದವು. ಅನ್ನದಲ್ಲಿ ವಿಷವಿದೆ ಎಂದು ತಟ್ಟೆ ಎಸೆಯುತ್ತಿದ್ದಳು. ಮಾತ್ರೆ ನುಂಗತೊಡಗಿದ ಮೇಲೆ ದನಿಗಳು ನಿಂತವು. ವರ್ಷಗಟ್ಟಲೆ ನುಂಗಿದ ಮೇಲೆ ಬಾಯಿ ಆಡತೊಡಗಿತು. ಬೆಂಗಳೂರಿನ ಡಾಕ್ಟರು ಈಗ ಆ ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡುತ್ತಿದ್ದರು, ಜೊತೆಗೆ ಹೊಸ ಮಾತ್ರೆಯೊಂದನ್ನು ಕೊಟ್ಟು ನೋಡುತ್ತಿದ್ದರು. ಬಾಯಿ ಸುಮ್ಮನಾದೀತೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಒಮ್ಮೆಲೇ ಬಿಟ್ಟರೆ ಹಳೇ ಕಾಯಿಲೆ ಮರಳಿ ಬರಬಹುದು ಎಂದಿದ್ದರು.

"ಬಾಯಿ ಆಡ್ಕೊಂಡಿರ್ಲಿ ಬುಡು. ನಂಗೆ ತಲೆ ನೆಟ್ಟಗಿರ್ಬೇಕು," ಎಂದಳು ಖಾಲಾ.

ಸಂಜೆ ಉಪವಾಸ ಬಿಡುವವರಿಗೆಂದು ಮಸೀದಿಗೆ ಕಳಿಸಲು ಖಾಲಾ ಪಕೋಡ ಕರಿಯಲು ಕುಳಿತಳು. ಉಪ್ಪು ನೋಡಲೂ ಚೂರು ನಾಲಿಗೆಗೆ ಹಚ್ಚಲಿಲ್ಲ. ಬದ್ರುವಿಗೂ ಅಂದು ರೋಜಾ, ಅವಳ ಮೊದಲ ರೋಜಾ. ಆದರೆ ಆ ಘಮಕ್ಕೆ ಹೊಟ್ಟೆ ಚುರುಗುಟ್ಟಿತು. ಕಂಬದ ಹಿಂದೆ ಹೋಗಿ ಒಂದು ಪಕೋಡ ತಿಂದು, ಬಾಯಿ ಒರೆಸಿಕೊಂಡು ಬಂದಳು.

ಪಕೋಡ ಒಯ್ಯಲು ಇಸಾಕನ ತಾಯಿ ರಹಮತ್ ಬಿ ಬಂದಳು. ಬದ್ರುವಿನ ಕೆನ್ನೆ ಸವರಿ, ಇಷ್ಟು ಚಿಕ್ಕವಳು ರೋಜಾ ಹಿಡಿದಿದ್ದಾಳೆಂದು ಬಾಯ್ತುಂಬ ಹೊಗಳಿದಳು. ಆಮೇಲೆ ಖಾಲಾಳ ಕಡೆ ತಿರುಗಿದಳು.

"ಬಾಣಲೆ ಮುಂದೇನೇ ಕುಂತ್ಕೊಂಡು ತಿಂತೀಯಲ್ಲ, ಅಲ್ಲಾನ ಭಯ ಬೇಡ್ವಾ?"

ಖಾಲಾ ಜಾಲರಿ ಸೌಟಿನಿಂದ ಪಕೋಡ ತಿರುವಿದಳು. ಅವಳ ತುಟಿ ಒಡೆದು ರಕ್ತ ಜಿನುಗಿದ್ದು ಬದ್ರುವಿಗೆ ಆಗ ಕಾಣಿಸಿತು. ಬೆಳಗಿನಿಂದ ಆ ದವಡೆ ಬರಿಬಾಯನ್ನೇ ಜಗಿದಿತ್ತು, ಒಂದು ತೊಟ್ಟು ನೀರೂ ಇಲ್ಲದೆ.

"ಖಾಲಾ ತಿಂದಿಲ್ಲ," ಎಂದಳು ಬದ್ರು. "ತಿಂದೋಳು ನಾನು."

ರಹಮತ್ ಬಿ ಇಬ್ಬರ ಮುಖವನ್ನೂ ನೋಡಿ, ಪಾತ್ರೆ ಎತ್ತಿಕೊಂಡು ಹೊರಟುಹೋದಳು.

ಮಸೀದಿಯಿಂದ ರೋಜಾ ಬಿಡುವ ಹೊತ್ತಿನ ಅಜಾನ್ ಕೇಳಿಸಿತು. ಖಾಲಾ ಖರ್ಜೂರ ಬಾಯಿಗಿಟ್ಟುಕೊಂಡು, ಮಾತ್ರೆಗಾಗಿ ಅಂಗೈ ಚಾಚಿದಳು. ಬದ್ರು ಎರಡು ಮಾತ್ರೆಗಳನ್ನೂ ಅದರ ಮೇಲಿಟ್ಟು, ಖಾಲಾ ನೀರು ಕುಡಿದು ಮುಗಿಸುವವರೆಗೂ ಲೋಟವನ್ನು ತಾನೇ ಹಿಡಿದು ನಿಂತಳು.