ರೇಡಿಯೊ ಹೇಳಿದ ಉಸಿರು

"ಆಗಲ್ಲಮ್ಮ! ನನ್ ಕೈಲಿ ಆಗೋದೇ ಇಲ್ಲ!"

ರೇಡಿಯೊ ಜಿಮ್ಮಿನ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟಿದ್ದಳು. ಅವಳ ನಿಜವಾದ ಹೆಸರು ಬೇರೆಯೇ ಇದೆ. ಎದ್ದಾಗಿನಿಂದ ಮಲಗುವವರೆಗೂ ಬಾಯಿ ಮುಚ್ಚುವುದಿಲ್ಲವೆಂದು ಮನೆಯಲ್ಲಿ ಎಲ್ಲರೂ ಹಾಗೆ ಕರೆಯುತ್ತಾರೆ. ಇವತ್ತು ಮಾತ್ರ ಆ ರೇಡಿಯೊಗೆ ಕರೆಂಟೇ ಇರಲಿಲ್ಲ.

ಅಮ್ಮ ಉತ್ತರ ಕೊಡಲಿಲ್ಲ. ಕೊಡುವುದಾದರೂ ಹೇಗೆ? ಗಂಟಲು ಕಟ್ಟಿ ಧ್ವನಿಯೇ ಹೊರಟುಹೋಗಿತ್ತು. ಪಿಸುಮಾತು ಕೂಡ ಆಡಬಾರದು ಎಂದು ಡಾಕ್ಟರು ಹೇಳಿದ್ದರು.

ಅಮ್ಮ ಕಲಿಸುವುದು ಪಿಲಾಟೀಸ್ ಎಂಬ ವ್ಯಾಯಾಮ. ಅದರಲ್ಲಿ ಕೈಕಾಲು ಆಡಿಸಿದರೆ ಸಾಲದು, ಉಸಿರೂ ಜೊತೆಗೇ ಆಡಬೇಕು. ಮೂಗಿನಿಂದ ಎಳೆದುಕೊಂಡಾಗ ಪಕ್ಕೆಗಳು ಅಗಲವಾಗಬೇಕು. ಬಾಯಿಂದ ಬಿಡುವಾಗ ಹೊಟ್ಟೆ ಒಳಗೆ ಹೋಗಬೇಕು. ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂದು ಯಾರಾದರೂ ಹೇಳುತ್ತಲೇ ಇರಬೇಕು.

ಈ ವಾರವೆಲ್ಲ ಕ್ಲಾಸ್ ನಡೆದಿರಲಿಲ್ಲ. ಜಿಮ್ಮಿನ ಓನರ್ ಫೋನಿನಲ್ಲಿ ಹೇಳಿದ್ದನ್ನು ರೇಡಿಯೊ ಕೇಳಿಸಿಕೊಂಡಿದ್ದಳು. "ನೋಡಿ ಮೇಡಂ, ಶನಿವಾರಾನೂ ಕ್ಲಾಸ್ ಆಗ್ಲಿಲ್ಲ ಅಂದ್ರೆ ಬ್ಯಾಚ್ ಬೇರೆಯವರಿಗೆ ಕೊಟ್ಬಿಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಇವತ್ತೇ ಆ ಶನಿವಾರ. ಅದಕ್ಕೇ ಈ ಉಪಾಯ. ಅಮ್ಮ ಮಾಡಿ ತೋರಿಸುವುದು, ಮಗಳು ಬಾಯಲ್ಲಿ ಹೇಳುವುದು. ನಿನ್ನೆ ಮನೆಯಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದಳು! ಅಜ್ಜಿ ಕೂತಲ್ಲೇ ಉಸಿರು ಎಳೆದು ಬಿಟ್ಟು, "ಪರವಾಗಿಲ್ವೇ ನಮ್ ಟೀಚರ್ರು!" ಅಂದಿದ್ದರು. ಆದರೆ ಮನೆಯೇ ಬೇರೆ, ಇಲ್ಲಿಯೇ ಬೇರೆ.

ಅಮ್ಮ ನಕ್ಕು, ಬೆನ್ನು ತಟ್ಟಿ, ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಮ್ಯಾಟುಗಳ ಮೇಲೆ ಆಗಲೇ ಎಲ್ಲರೂ ಕೂತಿದ್ದರು. ದಿನವಿಡೀ ಕೂತು ಕೂತು ಬೆನ್ನುನೋವು ತರಿಸಿಕೊಂಡ ಬಸ್ ಡ್ರೈವರ್ ಅಂಕಲ್, ಅವರ ಪಕ್ಕದಲ್ಲಿ ಟೈಲರ್ ಆಂಟಿ.

"ಏನ್ ಟೀಚರ್, ತಪ್ಪು ಮಾಡಿದ್ರೆ ಹೊಡೀತೀರಾ ಹೇಗೆ?" ಅಂದರು ಡ್ರೈವರ್ ಅಂಕಲ್ ರೇಡಿಯೊ ಕಡೆ ನೋಡಿ. ಎಲ್ಲರೂ ನಕ್ಕರು. ರೇಡಿಯೊಗೆ ನಗು ಬರಲಿಲ್ಲ. ಗಾಜಿನ ಬಾಗಿಲ ಆಚೆ ಓನರ್ ಕೈಕಟ್ಟಿ ನಿಂತಿದ್ದರು.

ಎಲ್ಲರೂ ಮಂಡಿ ಮಡಚಿ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಅಮ್ಮ ತಾನೂ ಮಲಗಿ, ಶುರು ಮಾಡು ಎಂದು ಹೆಬ್ಬೆರಳು ಎತ್ತಿದಳು.

"ಉಸಿರು... ಒಳಗೆ," ಎಂದಳು ರೇಡಿಯೊ.

ಎಲ್ಲರೂ ಎಳೆದುಕೊಂಡರು. ಅಷ್ಟರಲ್ಲಿ ಓನರ್ ಗಾಜಿಗೆ ಮುಖ ಹತ್ತಿರ ತಂದು ಇಣುಕಿದರು. ರೇಡಿಯೊ ಅವರನ್ನೇ ನೋಡಿದಳು. ಮುಂದಿನ ಮಾತು? ಮಾಯ! ಅವಳ ಉಸಿರು ಕೂಡ ಒಳಗೆ ಹೋಗಿದ್ದು ಅಲ್ಲೇ ಕೂತುಬಿಟ್ಟಿತು.

ಪಾಪ, ಎಲ್ಲರೂ ಹೇಳಿದ ಮಾತು ಕೇಳುವವರು. ಬಿಡಿ ಅನ್ನದೆ ಬಿಡುವುದು ಹೇಗೆ ಎಂದು ಕಾದರು. ಡ್ರೈವರ್ ಅಂಕಲ್ ಕೆನ್ನೆ ಬಲೂನಿನಂತೆ ಉಬ್ಬಿತು. ಟೈಲರ್ ಆಂಟಿ ಮುಖ ಕೆಂಪಾಯಿತು. ಅಮ್ಮ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಆದರೆ ರೇಡಿಯೊ ಕಣ್ಣು ಬಾಗಿಲ ಕಡೆಗೇ ನೆಟ್ಟಿತ್ತು.

"ಪುಸ್ಸ್!" ಕೊನೆಗೆ ಅಂಕಲ್ ಎದ್ದೇ ಕೂತರು. "ಅಯ್ಯಯ್ಯೋ, ಸಾಯಿಸ್ಬಿಡ್ತೀಯೇನಮ್ಮ! ಬಿಡಿ ಅನ್ನೋದಲ್ವಾ?"

ಆಂಟಿ ಕೆಮ್ಮತೊಡಗಿದರು. ಓನರ್ ಬಾಗಿಲು ಅರ್ಧ ತೆರೆದರು. ರೇಡಿಯೊ ಕಣ್ಣಲ್ಲಿ ನೀರು ತುಂಬಿತು. ಮುಗಿಯಿತು. ಅಮ್ಮನ ಕೆಲಸ ನನ್ನಿಂದಲೇ ಹೋಯಿತು.

ಆಗ ಅವಳ ಪಕ್ಕೆಯ ಸುತ್ತ ಏನೋ ಬಿಗಿಯಾಯಿತು. ಅಮ್ಮ ಹಿಂದೆ ಬಂದು ಬಟ್ಟೆಯ ಪಟ್ಟಿ ಸುತ್ತಿದ್ದಳು. ಹೊಸಬರಿಗೆ ಉಸಿರು ಕಲಿಸುವಾಗ ಸುತ್ತುವ ಪಟ್ಟಿ ಅದು. ಅದರ ಎರಡೂ ತುದಿ ಹಿಡಿದು ಅಮ್ಮ ಮೆಲ್ಲಗೆ ಎಳೆದಳು. "ಹಾ..." ಎಂದು ಒಳಗೆ ಸಿಕ್ಕಿಕೊಂಡಿದ್ದ ಉಸಿರು ಆಚೆ ಬಂತು. ಅದರ ಜೊತೆಗೇ ಮಾತೂ ಬಂತು.

"ಹೊರಗೆ! ಸಾರಿ ಅಂಕಲ್, ಹೊರಗೆ! ಮತ್ತೆ ಮಲಗಿ. ಒಳಗೆ..."

ಅಮ್ಮ ಪಟ್ಟಿಗೆ ಗಂಟು ಹಾಕಿ ತನ್ನ ಮ್ಯಾಟಿಗೆ ಮರಳಿದಳು. ಉಸಿರು ಎಳೆದುಕೊಂಡಾಗ ಪಟ್ಟಿ ಬಿಗಿಯಾಗುತ್ತಿತ್ತು, ಬಿಟ್ಟಾಗ ಸಡಿಲವಾಗುತ್ತಿತ್ತು. ರೇಡಿಯೊ ಬಾಗಿಲ ಕಡೆ ನೋಡುವುದನ್ನೇ ಬಿಟ್ಟಳು. ಪಟ್ಟಿ ತಿಳಿಸಿದಂತೆ ಹೇಳುತ್ತಾ ಹೋದಳು.

"ಬಿಡ್ತಾ ಬಿಡ್ತಾ ತಲೆ ಎತ್ತಿ. ಅಂಕಲ್, ಬಾಯಿಂದ ಬಿಡಿ, ಮೂಗಿಂದಲ್ಲ!"

"ಆಯ್ತು ಟೀಚರ್!"

ಕ್ಲಾಸ್ ಮುಗಿದಾಗ ಡ್ರೈವರ್ ಅಂಕಲ್ ಬೆನ್ನು ನೀವಿಕೊಳ್ಳುತ್ತಾ ಓನರ್‌ಗೆ ಹೇಳಿದರು. "ಸೋಮವಾರಾನೂ ಈ ಟೀಚರೇ ಇರ್ಲಿ ಸಾರ್. ಸ್ವಲ್ಪ ಹೆದರಿಸ್ತಾಳೆ, ಅಷ್ಟೇ."

ಓನರ್ ನಗಲೂ ಇಲ್ಲ, ಸಿಡುಕಲೂ ಇಲ್ಲ. "ಮೇಡಂ, ಆಫೀಸಿಗೆ ಬನ್ನಿ. ಸೋಮವಾರದ್ದು ಮಾತಾಡೋಣ," ಎಂದು ಹೊರಟರು.

ಅಮ್ಮ ಮಗಳ ಕೈ ಹಿಡಿದಳು. ಅಮ್ಮನ ಕೈ ತಣ್ಣಗಿತ್ತು. ರೇಡಿಯೊ ತಲೆಯೆತ್ತಿ ನೋಡಿದಳು. ಅಮ್ಮನ ಮುಖದಲ್ಲಿ ಬೆಳಗ್ಗಿನ ನಗುವೇ ಇತ್ತು. ಆದರೆ ಪಕ್ಕೆ ಅಲುಗುತ್ತಲೇ ಇರಲಿಲ್ಲ.

ಅಯ್ಯೋ, ಅಮ್ಮನಿಗೂ ಭಯ! ಬೆಳಗ್ಗೆಯಿಂದಲೂ ಇತ್ತೇನೋ. ತನಗೆ ಗೊತ್ತೇ ಆಗಿರಲಿಲ್ಲ.

ರೇಡಿಯೊ ಅಮ್ಮನ ಪಕ್ಕೆಗಳ ಮೇಲೆ ಎರಡೂ ಕೈ ಇಟ್ಟು ಮೆಲ್ಲಗೆ ಒತ್ತಿದಳು.

"ಅಮ್ಮಾ," ಎಂದಳು ಸಣ್ಣ ಧ್ವನಿಯಲ್ಲಿ, "ಹೊರಗೆ."

ಅಮ್ಮ ಉಸಿರು ಬಿಟ್ಟಳು. ಇಬ್ಬರೂ ಆಫೀಸಿನ ಕಡೆ ನಡೆದರು.